ಪರದೆಯ ಈಚೆಯ ನಲವತ್ತು ಕಿಲೋ

ಹುಕ್ಕೇರಿಯ ಆ ಜಿಮ್ಮಿನಲ್ಲಿ ಹನ್ನೊಂದರಿಂದ ಒಂದರವರೆಗೆ ಹೆಣ್ಣುಮಕ್ಕಳ ಹೊತ್ತು. ಮೊದಲು ಅದು ಕುಸ್ತಿಯ ತಾಲೀಮು, ಗರಡಿಮನೆ. ಮಣ್ಣು ತೆಗೆದು ಫರಸಿ ಹಾಸಿದ್ದಾರೆ, ಗೋಡೆಗೆ ಕನ್ನಡಿ ಬಂದಿದೆ; ಕಲಿಸುವವರು ಮಾತ್ರ ಅವರೇ, ಸದಾಶಿವ ವಸ್ತಾದರು. ಹೆಣ್ಣುಮಕ್ಕಳ ವ್ಯಾಯಾಮವನ್ನು ತಾವು ನೋಡಬಾರದು ಎಂಬುದು ಅವರ ನೇಮ. ನಡುವೆ ನೀಲಿ ಪರದೆ ಕಟ್ಟಿಸಿ, ಆಚೆ ಕುರ್ಚಿ ಹಾಕಿಕೊಂಡು, ಕಬ್ಬಿಣದ ಸಪ್ಪಳ ಉಸಿರಿನ ಸಪ್ಪಳ ಕೇಳಿಯೇ ತಪ್ಪು ತಿದ್ದುತ್ತಾರೆ.

ಈಚೆ ಇರುವವಳು ಯಲ್ಲಕ್ಕ. ಮೂಡಲಗಿ ಕಡೆಯವಳು, ಕಬ್ಬಿನ ಹೊರೆ ಹೊತ್ತು ಗಟ್ಟಿಯಾದ ಮೈ. ಬೆಳಿಗ್ಗೆ ಕಸ ಹೊಡೆಯುತ್ತಾಳೆ; ಹನ್ನೊಂದರ ಮೇಲೆ ಬೆಂಚಿನ ತಲೆದೆಸೆಗೆ ನಿಂತು, ಮಲಗಿ ಎತ್ತುವವರ ಎದೆಯ ಮೇಲೆ ಬಾರ್ಬೆಲ್ ಬೀಳದಂತೆ ಕಾಯುತ್ತಾಳೆ.

ಅಲ್ಲಿಗೆ ಬರುವ ಯಶೋಧರಾಳದು ಪೊಲೀಸ್ ಭರ್ತಿಯ ತಯಾರಿ. ಓಟ, ಜಿಗಿತ ದಾಟಿದ್ದಳು. ಹೋದ ಸಲ ಗುಂಡು ಎಸೆತದಲ್ಲಿ ಒಂದು ಗೇಣು ಕಮ್ಮಿ ಬಿದ್ದು ಮನೆಗೆ ಬಂದಳು. ವಯಸ್ಸಿನ ಲೆಕ್ಕದಲ್ಲಿ ಇನ್ನು ಒಂದೇ ಸಲ ಉಳಿದಿತ್ತು, ಅದಕ್ಕೆ ಆರು ವಾರ. ಅವ್ವ ಉದ್ದವ್ವ ತೀರಿಕೊಂಡು ಎರಡು ತಿಂಗಳಾಗಿತ್ತು. ಅವಳು ಅತ್ತಿರಲಿಲ್ಲ. ಅತ್ತುಬಿಡು ಎಂದು ಮಂದಿ ಹೇಳಿ ಹೇಳಿ ಬೇಸತ್ತರು. ಹಿಡಕಲ್ಲಿಗೆ ಕೆಲಸಕ್ಕೆ ಹೋಗುವ ಅಪ್ಪನಿಗೆ ಬುತ್ತಿ ಕಟ್ಟುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಇಲ್ಲಿ ಬಂದು ಬೆಂಚಿನ ಮೇಲೆ ಅಂಗಾತ ಮಲಗುತ್ತಿದ್ದಳು. ಎಲ್ಲವೂ ಬೇರೆ ಯಾರದೋ ಕೈ ಮಾಡಿದಂತೆ ಆಗುತ್ತಿತ್ತು. ಆದರೂ ಬಾರಿನ ಮೇಲೆ ತೂಕ ಏರುತ್ತಲೇ ಇತ್ತು. ಮೊನ್ನೆ ನಲವತ್ತು ಮುಟ್ಟಿತು.

"ಯಶೋಧರಾ," ಪರದೆಯಾಚೆಯಿಂದ ವಸ್ತಾದರ ದನಿ. "ನಲವತ್ತ ಎತ್ತೀದಿ, ಶಾಬಾಶ್. ಈಗ ಒಂದ ಮಾತ ನೀನ ಹೇಳಬೇಕ. ಬಾರ್ ಮ್ಯಾಲೇ ಐವತ್ತಕ್ಕ ಹೋಗೂದೋ, ಡಂಬೆಲ್ಸ್ ಹಿಡಿಯೂದೋ? ಬಾರಿಗೆ ತೂಕ ಜಾಸ್ತಿ ಏರತೈತಿ. ಡಂಬೆಲ್ಸ್‌ಗೆ ಒಂದೊಂದ ಕೈ ತನ್ನ ಲೆಕ್ಕ ತಾನ ಕೊಡಬೇಕ. ಗುಂಡಂತೂ ಒಂದ ಕೈಲೆ ಒಗಿಯೂದ."

ಅವಳು ಉತ್ತರ ಕೊಡುವ ಮೊದಲೇ ಯಲ್ಲಕ್ಕ ಬಾಯಿ ಹಾಕಿದಳು. "ಬ್ಯಾಡ್ರಿ ವಸ್ತಾದ್ರ! ಡಂಬೆಲ್ಸ್ ಯಾಕ? ಬಾರೇ ಚಲೋ ಐತಿ. ಹುಡುಗಿ ಕೈಗೆ ಕೂತೈತಿ."

"ನಿನ್ನ ಕೇಳಿದ್ನೇನ್ ಯಲ್ಲಕ್ಕ? ನೀ ಯಾವಾಗ ವಸ್ತಾದ ಆದಿ?"

"ನೋಡಾಕತ್ತಾಕಿ ನಾನ ಅಲ್ಲೇನ್ರಿ? ನೀವು ಪಡದಾ ನೋಡ್ತೀರಿ."

ಯಶೋಧರಾಳಿಗೆ ಯಾವುದಾದರೂ ಒಂದೇ. ಡಂಬೆಲ್ಸ್ ಹತ್ತಿರ ಇದ್ದವು, ಅಷ್ಟೆ. "ಡಂಬೆಲ್ಸ್ ಹಿಡೀತೇನ್ರಿ ಸರ್," ಎಂದಳು.

"ಹದಿನೈದು ಹದಿನೈದು ತಗೋ. ನಲವತ್ತ ಎತ್ತಾಕಿಗೆ ಆಗೇ ಆಗತೈತಿ."

ಹದಿನೈದು ಎದೆಯ ಮಟ್ಟದಿಂದ ಮೇಲೇಳಲಿಲ್ಲ. ಹತ್ತನ್ನು ತೆಗೆದುಕೊಂಡಳು, ಎಡಗೈ ಅರ್ಧಕ್ಕೆ ನಿಂತಿತು, ಬಲಗೈ ಹೊರಕ್ಕೆ ವಾಲಿತು. ಎರಡೂ ಧೊಪ್ಪೆಂದು ಫರಸಿಗೆ ಬಿದ್ದವು. ಏಳೂವರೆಯದು ಐದು ಸಲ ಏರಿ ಆರನೆಯದಕ್ಕೆ ನಡುಗಿತು.

ಆಚೆ ಕುರ್ಚಿ ಕಿರ್ರೆಂದಿತು. "ಏನದು? ನಲವತ್ತ ಎತ್ತಿದ ಕೈ ಏನ ಇವು?"

ಯಲ್ಲಕ್ಕ ಸೆರಗಿನಿಂದ ಬೆಂಚು ಒರೆಸುತ್ತಿದ್ದಳು, ಬೆವರಿರದ ಕಡೆಯೂ. ಯಶೋಧರಾ ಅವಳ ಕೈಗಳನ್ನೇ ನೋಡಿದಳು.

"ಯಲ್ಲಕ್ಕ, ಬಾರ್ ಯಾರ ಎತ್ತತಿದ್ರು?"

"ನೀನ ಎತ್ತತಿದ್ದಿ ತಂಗಿ. ನಾ ಒಂದಿಷ್ಟ ಬೆರಳ ಹಚ್ಚತಿದ್ನಿ."

"ಎಷ್ಟ?"

ಯಲ್ಲಕ್ಕ ಬೆಂಚು ಒರೆಸುವುದನ್ನು ನಿಲ್ಲಿಸಿದಳು. "ನಿಮ್ಮವ್ವ ಹೋದ ಮ್ಯಾಲೆ ಮೊದಲನೇ ದಿನ ಬಂದ್ಯಲ್ಲ, ಬಾರ್ ಎದಿ ಮ್ಯಾಲೆ ಕೂತಿತ್ತ. ನೀ ಅನ್ನಲಿಲ್ಲ, ಆಡಲಿಲ್ಲ. ಮ್ಯಾಲೆ ಫ್ಯಾನ್ ನೋಡಕೋತ ಮಲಗಿದ್ದಿ. ನಾ ಎತ್ತಿದ್ನಿ. ನಿನಗ ಗೊತ್ತಾಗಲಿಲ್ಲ. ಮರುದಿನ ಮತ್ತ ಹಚ್ಚಿದ್ನಿ. ಇವ್ರು ಪಡದಾದ ಆಚಿಂದ ಶಾಬಾಶ್ ಅಂದ್ರು. ಆ ಶಾಬಾಶ್ ತಪ್ಪಸಾಕ ಮನಸ್ಸ ಆಗಲಿಲ್ಲ ನನಗ."

ಪರದೆಯಾಚೆ ವಸ್ತಾದರು ತಮಗೆ ತಾವೇ ಅಂದುಕೊಂಡರು: "ಮೂವತ್ತ ವರ್ಷದ ಕಿವಿ. ಎರಡ ತಿಂಗಳ ಕತ್ತೆ ಕಿವಿ ಆತು." ದನಿ ಏರಿಸಿ ಕೇಳಿದರು, "ಯಶೋಧರಾ, ಖರೆ ಹೇಳತೇನಿ. ಆರ ವಾರದಾಗ ಕಷ್ಟ ಐತಿ. ಬಾರ್ ಹಿಡದರ ಮನಸ್ಸಿಗೆ ಹಗುರ ಆಗತೈತಿ, ತೂಕ ದೊಡ್ಡದ ಕಾಣತೈತಿ. ಡಂಬೆಲ್ಸ್ ಹಿಡದರ ದಿನಾ ಇದ ಏಳೂವರೆ ನೋಡಬೇಕ. ಏನ್ ಮಾಡ್ತಿ?"

"ನಿಮ್ಮ ಪುಸ್ತಕದಾಗ ಏಳೂವರೆ ಬರಕೋರಿ ಸರ್. ನಲವತ್ತ ಹೊಡದ ಹಾಕ್ರಿ."

ಯಲ್ಲಕ್ಕ ಅವಳ ಮುಖದ ಹತ್ತಿರ ಬಾಗಿದಳು. "ಸಿಟ್ಟ ಬಂತೇನ ನನ್ನವ್ವ? ಬೈಯಿ. ಎರಡ ಬೈದ ಬಿಡ."

ಯಶೋಧರಾ ಸಿಟ್ಟನ್ನು ಹುಡುಕಿದಳು, ಕತ್ತಲ ಕೋಣೆಯಲ್ಲಿ ದೀಪದ ಗುಂಡಿ ತಡಕುವ ಹಾಗೆ. ಬರಬೇಕಾದ ಜಾಗ ಗೊತ್ತಿತ್ತು. ಅಲ್ಲಿ ಏನೂ ಇರಲಿಲ್ಲ. ಎರಡು ತಿಂಗಳು ಇನ್ನೊಬ್ಬಳು ತನ್ನ ಭಾರ ಎತ್ತಿದ್ದು ತನಗೆ ತಿಳಿಯದೆ ಹೋಯಿತಲ್ಲ ಎಂಬುದಷ್ಟೇ, ಯಾರೋ ಹೇಳಿದ ಸುದ್ದಿಯಂತೆ, ತಲೆಯಲ್ಲಿ ನಿಂತಿತು.

"ಇಲ್ಲ ಯಲ್ಲಕ್ಕ. ಬರವಲ್ದು."

"ಹಂಗಾರ ನಾ ಏನ ಮಾಡ್ಲಿ ಈಗ?"

"ಏನೂ ಮಾಡಬ್ಯಾಡ. ಆ ಕಟ್ಟಿ ಮ್ಯಾಲೆ ಕೂತ ಎಣಸ್. ನನ್ನ ಕೈ ನಡುವ ನಿಂತರ ನಿಂತ್ಲು ಅನ್ನು."

ಯಲ್ಲಕ್ಕ ದೂರ ಸರಿದು ಕಟ್ಟೆಯ ಮೇಲೆ ಕುಳಿತಳು. ಯಶೋಧರಾ ಮಲಗಿ ಏಳೂವರೆಯ ಎರಡನ್ನೂ ಎದೆಗೆ ತಂದುಕೊಂಡಳು.

"ಒಂದ," ಎಂದಳು ಯಲ್ಲಕ್ಕ. "ಎರಡ. ಮೂರ. ನಾಕ." ಆಮೇಲೆ ಬಹಳ ಹೊತ್ತು ಕಾದು, ಸಣ್ಣ ದನಿಯಲ್ಲಿ, "ನಿಂತ್ಲು."