ಕೆಸರಿಗೆ ಚೆಲ್ಲಿದ ಚರಗ

"ಹೊಲ ಇದ್ದೂ ನನ್ನ ಬದುವಿನ ಮ್ಯಾಗ ಕುಂತು ಉಂಡು ಹೋದ ಮನಿತನಲೇ ನಿಮ್ದು! ಎಳ್ಳಮಾಸಿಗೆ ಇಷ್ಟ್ಯಾಕಲೇ ಹಿಟ್ಟು? ಚರಗ ಎಲ್ಲಿ ಚೆಲ್ಲಾಂವ, ಕೋಟಯ್ಯನ ಟ್ರ್ಯಾಕ್ಟರ್ ಮ್ಯಾಗೇನು?"

ಗಿರಣಿಯ ಗದ್ದಲದಲ್ಲೂ ಅಳಿಯನಿಗೆ ಕೇಳಲೆಂದು ಮಲ್ಲಣ್ಣ ಗಂಟಲು ಹರಿದುಕೊಂಡು ಕೂಗುತ್ತಿದ್ದ. ಕೊಳಕೂರಿನ ಕರೆಂಟಿಗೆ ಹೋಗಲು ಅದೇ ಗಳಿಗೆ ಸಿಗಬೇಕೆ? ಗಿರಣಿ ಗೊರಗೊರ ಎಂದು ನಿಂತಿತು, ಮಲ್ಲಣ್ಣನ ಬಾಯಿ ನಿಲ್ಲಲಿಲ್ಲ. ಸಜ್ಜೆ ಬೀಸಿಸಲು ಬಂದು ಕುಳಿತಿದ್ದ ಅರ್ಧ ಊರಿನ ಕಿವಿಗೆ ಮಾತು ಸ್ವಚ್ಛವಾಗಿ ಬಿತ್ತು. ಗಿರಣಿಯ ಬುರಾನುದ್ದೀನ ಹುಬ್ಬಿನ ಮೇಲಿನ ಹಿಟ್ಟು ಉದುರುವಂತೆ ನಕ್ಕ.

ಅಳಿಯ ದೌಲತರಾಯನಿಗೆ ಎದ್ದು ಹೋಗಬೇಕೆನಿಸಿತು. ಹೋಗುವುದು ಹೇಗೆ? ಅವನ ಅರ್ಧ ಸಜ್ಜೆ ಗಿರಣಿಯ ಬಾಯಲ್ಲಿ ಸಿಕ್ಕಿಕೊಂಡಿತ್ತು. ಕರೆಂಟು ಬರುವವರೆಗೂ ಅದೇ ಕಟ್ಟೆಯ ಮೇಲೆ, ಅದೇ ಮಾವನ ಮಗ್ಗುಲಲ್ಲಿ ಕುಳಿತಿರಬೇಕಾಯಿತು. ಬೈದವನು ಅವ್ವನ ಒಡಹುಟ್ಟಿದ ತಮ್ಮ, ಕೈ ಎತ್ತುವಂತಿಲ್ಲ. ಬೈದದ್ದು ಸುಳ್ಳೂ ಅಲ್ಲ, ಬಾಯಿ ತೆರೆಯುವಂತಿಲ್ಲ. ಮೇಲಾಗಿ ಮಾವ ಬೀಡಿ ಕೊಡಲು ಬಂದ.

"ಸಿಟ್ಟಾಗಬ್ಯಾಡೋ ಅಳಿಯಾ. ನಗಚಾಷ್ಟಿಗಿ ಅಂದೆ."

ಬೀಡಿಯನ್ನು ದೌಲತರಾಯ ಮುಟ್ಟಲಿಲ್ಲ.

ಎಳ್ಳಮಾವಾಸ್ಯೆಯ ದಿನ ಆ ಸೀಮೆಯಲ್ಲಿ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಜೋಳ ಹೊಡೆ ತುಂಬಿರುವ ಹೊತ್ತು, ಭೂಮಿ ಬಸುರಿ. ಅವಳ ಬಯಕೆಗೆಂದು ಸಜ್ಜೆರೊಟ್ಟಿ, ಕಡಬು, ಇದ್ದಬದ್ದ ಕಾಳು ಸೊಪ್ಪೆಲ್ಲ ಕೂಡಿಸಿ ಕುದಿಸಿದ ಭಜ್ಜಿ, ಎಲ್ಲವನ್ನೂ ಬುಟ್ಟಿಯಲ್ಲಿಟ್ಟುಕೊಂಡು ತಂತಮ್ಮ ಹೊಲಕ್ಕೆ ಹೋಗಬೇಕು. ಮೊದಲ ತುತ್ತನ್ನು ಹೊಲದ ತುಂಬ ಚೆಲ್ಲಬೇಕು, ಅದೇ ಚರಗ. ಆಮೇಲೆ ಅಲ್ಲಿಯೇ ಕುಳಿತು ಉಣ್ಣಬೇಕು, ದಾರಿಯಲ್ಲಿ ಹೋಗುವವನನ್ನೂ ರಟ್ಟೆ ಹಿಡಿದು ಎಳೆದು ಕೂಡಿಸಬೇಕು.

ಹೋದ ವರ್ಷ ದೌಲತರಾಯನ ಅವ್ವ ಗೌರಾಬಾಯಿ ಬುಟ್ಟಿ ಹೊತ್ತು ಕಾಲುವೆಯ ಏರಿ ಹತ್ತಿ ನೋಡಿದರೆ ಹೊಲವೇ ಇರಲಿಲ್ಲ. ಬನ್ನಿ ಗಿಡ ಇರಲಿಲ್ಲ, ಹಳೇ ಬದು ಇರಲಿಲ್ಲ, ಕರಿ ಮಣ್ಣೂ ಕಾಣಲಿಲ್ಲ. ಕನ್ನಡಿ ಹಾಸಿದಂತೆ ನೀರು. ಗಂಡ ಶಿವರಾಯ ತೀರಿಕೊಂಡ ಮೇಲೆ, ಗುಂಟೂರು ಕಡೆಯಿಂದ ಬಂದ ಕೋಟಯ್ಯನಿಗೆ ಹೊಲವನ್ನು ಲೀಜಿಗೆ ಕೊಟ್ಟವನು ಮಗನೇ. ಏಳನೇ ಇಯತ್ತೆಗೆ ಸಾಲೆಗೆ ಕೈ ಮುಗಿದು ಬಂದವನು ಈಗ ತನ್ನ ಹೊಲದಲ್ಲಿಯೇ ಮಂದಿಯ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಅವ್ವ ಬುಟ್ಟಿ ಇಳಿಸದೆ ಏರಿಯ ಮೇಲೆ ನಿಂತೇ ಇದ್ದಳು. ಕೊನೆಗೆ ಬಗಲಿನ ಹೊಲದಿಂದ ಮಲ್ಲಣ್ಣ, "ಬಾ ಅಕ್ಕಾ, ಇಲ್ಲೇ ಉಣ್ಣು" ಎಂದು ಕರೆದ. ಹೋಗಿ ಉಂಡಳು. ಮನೆಗೆ ಬಂದ ಮೇಲೂ ಆ ಬಗ್ಗೆ ಒಂದು ಮಾತು ಆಡಲಿಲ್ಲ, ವರ್ಷವಾದರೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೈಯದ ಅವ್ವನನ್ನು ಏನು ಮಾಡುವುದು?

ಕತ್ತಲಾಗುವ ಹೊತ್ತಿಗೆ ಕರೆಂಟು ಬಂತು. ಹಿಟ್ಟಿನ ಚೀಲವನ್ನು ಅವ್ವನ ಮುಂದೆ ಕುಕ್ಕಿ ದೌಲತರಾಯ ಹೇಳಿದ:

"ಈ ಸಲ ಚರಗ ನಮ್ಮ ಹೊಲದಾಗೇ. ಊಟಾನೂ ನಮ್ಮ ಹೊಲದಾಗೇ."

"ನೀರಾಗ ಕುಂತು ಉಣ್ಣೂದೇನೋ?"

"ನೀ ಬುಟ್ಟಿ ಕಟ್ಟವ್ವಾ. ಉಳದದ್ದು ನಾ ನೋಡ್ಕೋತೇನಿ."

ಗೌರಾಬಾಯಿ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿದಳು. "ನಮ್ಮ ಹೊಲದಾಗ ಅಂದ್ರ ಕಡಬು ಹೆಚ್ಚಿಗಿ ಮಾಡಬೇಕಾತು" ಅಂದಳು. ಅಷ್ಟೇ ಅಂದದ್ದು. ಆ ದನಿ ಕೇಳಿದ ಮೇಲೆ ಮಗನಿಗೆ ಹಿಂದೆ ಸರಿಯುವ ದಾರಿ ಉಳಿಯಲಿಲ್ಲ.

ಕಾಲುವೆಯ ಆಚೆ ಕೋಟಯ್ಯನವರ ಕ್ಯಾಂಪು. ತಗಡಿನ ಶೆಡ್ಡುಗಳು, ಮುಂದೆ ತಾಳೆಗರಿಯ ಚಪ್ಪರ, ಒಳಗೆ ಸಾಲಾಗಿ ಉಪ್ಪಿನಕಾಯಿಯ ಜಾಡಿಗಳು. ಈ ಮಂದಿ ಬಂದ ದಿನ ಲಾರಿಯಿಂದ ಮಂಚಕ್ಕಿಂತ ಮೊದಲು ಆ ಜಾಡಿಗಳನ್ನು ಇಳಿಸಿದ್ದನ್ನು ದೌಲತರಾಯ ಕಣ್ಣಾರೆ ನೋಡಿದ್ದ. ಮಧ್ಯಾಹ್ನದ ಊಟ ಅವನಿಗೆ ಅಲ್ಲೇ. ಕೋಟಯ್ಯನ ಹೆಂಡತಿ ಅಂಜಮ್ಮ ಎಲೆಯ ಮೇಲೆ ಅನ್ನದ ಗುಡ್ಡ ಸುರಿಯುತ್ತಿದ್ದಳು. ಗುಡ್ಡ ಕರಗಿಸಿ ಟ್ರ್ಯಾಕ್ಟರ್ ಹತ್ತಿದರೆ ಎರಡು ಸುತ್ತಿನಲ್ಲಿ ಮತ್ತೆ ಹಸಿವೆ. ರೊಟ್ಟಿ ತಿಂದ ಹೊಟ್ಟೆಗೆ ಅನ್ನವೆಂದರೆ ಬಂದುಹೋಗುವ ನೆಂಟ. ಎಣ್ಣೆಯಲ್ಲಿ ಮುಳುಗಿದ ಗೋಂಗೂರ ಚಟ್ನಿ ಬಡಿಸಿದಾಗಲೆಲ್ಲ ಅವನು, "ಇದು ನಮ್ಮ ಪುಂಡಿಪಲ್ಲೆ ಅದರಿ" ಎನ್ನುತ್ತಿದ್ದ. ಅಂಜಮ್ಮ, "ಗೋಂಗೂರ" ಎನ್ನುತ್ತಿದ್ದಳು. ಒಂದೇ ಸೊಪ್ಪಿಗೆ ದಿನಾ ಜಗಳ.

ಅಮಾವಾಸ್ಯೆಯ ಹಿಂದಿನ ದಿನ ಅವನು ಕೋಟಯ್ಯನನ್ನು ಕೇಳಿದ.

"ಸಾವ್ಕಾರ್ರ, ನಾಳೆ ನಮ್ಮವ್ವ ಹೊಲಕ್ಕ ಬರ್ತಾಳ್ರಿ. ಪೂಜಾ ಅದ. ಕಾಲುವಿ ಮೂಲಿಗೆ ಒಂದೀಟು ಜಾಗಾಕ್ಕ ನೀರ ಬಿಡಬ್ಯಾಡ್ರಿ."

"ಪೂಜಾ ಮಾಡ್ಕೋ ದೌಲತ್, ಮಂಚಿದೇ" ಅಂದ ಕೋಟಯ್ಯ. ಒಳ್ಳೆಯದೇ ಎಂದು. "ನಾವು ಮಾಡಲ್ವಾ ಭೂಮಿಪೂಜಾ? ತೆಂಗಿನಕಾಯಿ ಬೇಕಾ?"

ಇಷ್ಟಕ್ಕೆ ಕೆಲಸವಾಯಿತೆಂದು ದೌಲತರಾಯ ತಿಳಿದ. ಪೂಜೆ ಎಂದರೆ ಏನೇನು, ಎಷ್ಟು ಮಂದಿ ಬರುತ್ತಾರೆ, ಏನನ್ನು ಎಲ್ಲಿ ಚೆಲ್ಲುತ್ತಾರೆ, ಒಂದನ್ನೂ ಹೇಳಲಿಲ್ಲ. ಚರಗ ಎಂದರೇನೆಂದು ಹೇಳಿಕೊಡಬೇಕಾದ ಮನುಷ್ಯನೊಬ್ಬ ಈ ಭೂಮಿಯ ಮೇಲಿರಬಹುದೆಂಬುದು ಅವನ ತಲೆಗೇ ಹೊಳೆಯಲಿಲ್ಲ. ಸಂಜೆ ಮೂಲೆಯಲ್ಲಿ ಮಣ್ಣು ಏರಿಸಿ ಒಣನೆಲ ಮಾಡಿ, ಮಾವನ ಹೊಲದ ಐದು ಜೋಳದ ದಂಟು ಕಿತ್ತು ತಂದು ಪುಟ್ಟ ಕೊಂಪೆ ಕಟ್ಟಿದ. ಕೇಳದೆಯೇ ಕಿತ್ತ. ಅಷ್ಟಾದರೂ ಸಮಾಧಾನ.

ಮರುದಿನ ಬಾಡಿಗೆಯ ಗಾಡಿಯಲ್ಲಿ ಬುಟ್ಟಿಗಳ ನಡುವೆ ಗೌರಾಬಾಯಿ ಹೊಸ ಇಳಕಲ್ ಸೀರೆ ಉಟ್ಟು ಕುಳಿತಿದ್ದಳು. ಪಕ್ಕದಲ್ಲಿ ನೆರೆಮನೆಯ ಅಜೀಜಾಬಿ, ತೊಡೆಯ ಮೇಲೆ ಬೆಲ್ಲ ಬೆರೆಸಿದ ಮಾಲಿದಾದ ಡಬ್ಬಿ. ಶಿವರಾಯ ಇದ್ದಾಗಿನಿಂದಲೂ ಅವಳಿಲ್ಲದೆ ಆ ಮನೆಯ ಚರಗ ಆದದ್ದಿಲ್ಲ. ಹಿಂದೆ ಇನ್ನೆರಡು ಗಾಡಿ ತುಂಬ ಬೀಗರು ಬಿಜ್ಜರು. ತನ್ನ ಹೊಲದಲ್ಲಿ ಉಂಡು ಮುಗಿಸಿದ ಮಲ್ಲಣ್ಣನೂ ಬಾಯಿ ಒರೆಸಿಕೊಳ್ಳುತ್ತ ಬಂದ. ನೋಡಿ ನಗಲಿಕ್ಕೇ ಬಂದದ್ದು, ಬೇರೆ ಯಾವುದಕ್ಕೂ ಅಲ್ಲ.

ಗೌರಾಬಾಯಿ ಏರಿ ಇಳಿದು ಒಣನೆಲದ ಮೇಲೆ ಕಾಲಿಟ್ಟಳು. ಬಗ್ಗಿ ಮಣ್ಣು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಕೊಂಪೆಯೊಳಗೆ ಐದು ಕಲ್ಲು ಇಟ್ಟು, ಸುಣ್ಣ ಬಳಿದು, ಕುಂಕುಮ ಇಟ್ಟು ದೀಪ ಹಚ್ಚಿದಳು. ಹೋದ ವರ್ಷದಿಂದ ಬಿಗಿದುಕೊಂಡಿದ್ದ ಅವಳ ಮುಖ ಸಡಿಲಾದದ್ದನ್ನು ಮಗ ನೋಡಿದ. ಆಮೇಲೆ ಅವಳು ಅರಿಶಿನದ ಕಡಬು, ಭಜ್ಜಿ, ರೊಟ್ಟಿಚೂರು ಮೊರದಲ್ಲಿ ಹಾಕಿ ಅವನ ಕೈಗೆ ಕೊಟ್ಟಳು. ಅವನು ಬದುವಿನ ಮೇಲೆ ನಡೆಯುತ್ತ, ಆಗಷ್ಟೇ ನಾಟಿ ಮಾಡಿದ್ದ ಗದ್ದೆಯೊಳಗೆ ನಾಲ್ಕು ದಿಕ್ಕಿಗೂ ಎರಚುತ್ತ ಹೋದ.

"ಹುಲ್ಲುಲ್ಲಿಗ್ಯೋ..." ಎಂದು ಅವನು ಚರಗದ ಕೂಗು ಹಾಕಿದರೆ, "ಚೆಲ್ಲಂಬರಿಗ್ಯೋ!" ಎಂದು ಹಿಂದಿನಿಂದ ಎಲ್ಲರೂ ಒಟ್ಟಿಗೆ ಕಿರುಚಿದರು.

ಗದ್ದೆಯ ಆ ತುದಿಯಲ್ಲಿ ನಾಟಿ ಹಾಕುತ್ತಿದ್ದ ಕ್ಯಾಂಪಿನ ಹೆಂಗಸರು ತಲೆ ಎತ್ತಿದರು. ಅಮಾವಾಸ್ಯೆ. ಕುಂಕುಮ ಬಳಿದ ಕಲ್ಲುಗಳು. ಕಂಡರಿಯದ ಮಂದಿಯ ಹಿಂಡು. ಬೆಳೆಯೊಳಗೆ ಬೀಳುತ್ತಿರುವ ಹಳದಿ ಉಂಡೆಗಳು, ಅರ್ಥವಾಗದ ಕೂಗು. ಒಬ್ಬಳು ಸಸಿಯ ಕಟ್ಟು ಬಿಸಾಡಿ ಓಡಿದಳು, ಅವಳ ಹಿಂದೆ ಉಳಿದವರೆಲ್ಲ. ಅಂಜಮ್ಮ ಮಾತ್ರ ನಿಂತು ಚೀರಿದಳು:

"ಚೇತಬಡಿ! ಅಯ್ಯೋ, ಪೊಲಂಲೋ ಚೇತಬಡಿ!"

ಆ ಮಾತು ದೌಲತರಾಯನಿಗೆ ಗೊತ್ತಿತ್ತು. ಚೇತಬಡಿ ಎಂದರೆ ಮಾಟ. ಹೊಲಕ್ಕೆ ಮಾಟ ಮಾಡಿದರೆಂದು ಅವಳು ಬೊಬ್ಬೆ ಹೊಡೆಯುತ್ತಿದ್ದಳು.

ಕೋಟಯ್ಯ ದೊಣ್ಣೆ ಹಿಡಿದು ಓಡಿ ಬಂದ. ದೊಣ್ಣೆ ಕಂಡದ್ದೇ ಮಲ್ಲಣ್ಣ ಯಾರಿಗೂ ಹೇಳದೆ ಏರಿ ಹತ್ತಿ ನಿಂತ.

"ಪೂಜಾ ಅಂತ ಹೇಳಿ ಇದಾ ಮಾಡೋದು? ನನ್ ಅನ್ನ ತಿಂದು ನನ್ ಬೆಳೆಗೇ ಮಾಟ ಮಾಡ್ತೀಯಾ? ಟ್ರ್ಯಾಕ್ಟರ್ ಕೀಲಿ ಇಲ್ಲಿ ಕೊಡು!"

"ಮಾಟ ಅಲ್ರಿ ಸಾವ್ಕಾರ್ರ! ಊಟ! ಭೂಮಿಗಿ ಊಟ!"

"ಭೂಮಿ ಊಟ ಮಾಡ್ತಾಳಾ? ಯೂರಿಯಾ ಹಾಕಿದೀನಿ, ಸಾಕು! ಕೀಲಿ ಕೊಡು!"

ದೌಲತರಾಯ ಕನ್ನಡದಲ್ಲಿ ಹೇಳಿದ, ಬರುವ ನಾಲ್ಕು ತೆಲುಗು ಮಾತಿನಲ್ಲಿ ಹೇಳಿದ, ಕೈಬಾಯಿ ತಿರುವಿ ಹೇಳಿದ. ಒಬ್ಬರೂ ಕೇಳಲೊಲ್ಲರು. ಬೀಗರೆಲ್ಲ ಒಟ್ಟಿಗೆ ಕೂಗುತ್ತಿದ್ದರು, ಕೋಟಯ್ಯನೂ ಕೂಗುತ್ತಿದ್ದ. ದೌಲತರಾಯ ಸೊಂಟದ ಕೀಲಿ ಕಿತ್ತು ಕೋಟಯ್ಯನ ಕಾಲ ಬಳಿ ಎಸೆದ. ಕೀಲಿ ಹೋದರೆ ಹೋಗಲಿ! ಅಷ್ಟರಲ್ಲಿ ಅವ್ವನ ಕಡೆ ನೋಡಿದ. ಅವಳ ಕಣ್ಣು ಈ ಜಗಳದ ಮೇಲೆ ಇರಲೇ ಇಲ್ಲ.

ಅಂಜಮ್ಮ ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಬಿದ್ದ ಕಡಬುಗಳನ್ನು ಸಸಿಗಳ ನಡುವಿನಿಂದ ಒಂದೊಂದಾಗಿ ಹೆಕ್ಕಿ ತೆಗೆದು ಬದುವಿಗೆ ಎಸೆಯುತ್ತಿದ್ದಳು.

"ಏ ತಂಗೀ!" ಗೌರಾಬಾಯಿಯ ದನಿ ಒಡೆಯಿತು. "ಕೊಟ್ಟದ್ದು ತಗೀಬ್ಯಾಡವ್ವಾ! ಬಸುರಿ ಬಾಯಾಗಿನ ತುತ್ತು ಕಸ್ಕೋತಾರೇನು?"

ಅಂಜಮ್ಮನಿಗೆ ಅರ್ಥವಾಗಲಿಲ್ಲ. ಇನ್ನೊಂದು ಹೆಕ್ಕಿದಳು. ಮಗ ತಡೆಯುವಷ್ಟರಲ್ಲಿ ಅವ್ವ ಇಳಕಲ್ ಸೀರೆಯ ಸಮೇತ ಗದ್ದೆಗೆ ಇಳಿದಿದ್ದಳು. ಜಾರುತ್ತ, ತೂರಾಡುತ್ತ ಹೋಗಿ ಅಂಜಮ್ಮನ ಮುಂಗೈ ಹಿಡಿದು, ಅವಳ ಅಂಗೈಯಲ್ಲಿದ್ದ ಕಡಬನ್ನು ತೆಗೆದುಕೊಂಡು, ಕೆಸರು ಹತ್ತಿದ್ದ ಹಾಗೆಯೇ ಬಾಯಿಗೆ ಹಾಕಿಕೊಂಡು ಅಗಿದಳು.

ಕೂಗುತ್ತಿದ್ದ ಕೋಟಯ್ಯ ದೊಣ್ಣೆ ಕೆಳಗಿಳಿಸಿದ.

ಆಗ ಅಜೀಜಾಬಿ ಬದುವಿನ ಮೇಲಿಂದ ತೆಲುಗಿನಲ್ಲಿ ಮಾತಾಡತೊಡಗಿದಳು. ಅವಳ ತವರು ತಾಂಡೂರು ಕಡೆ. ತೆಲುಗು ಅವಳಿಗೆ ನೀರು ಕುಡಿದಂತೆ. ಭೂಮಿ ಬಸುರಿ, ಇದು ಅವಳ ಸೀಮಂತದ ಊಟ, ಈ ಹೊಲದೊಡತಿ ಇವಳೇ, ಹೋದ ವರ್ಷ ಇವಳು ಇಲ್ಲಿ ನಿಲ್ಲಲು ಜಾಗವಿಲ್ಲದೆ ತಿರುಗಿ ಹೋದಳು, ಎಲ್ಲ ಹೇಳಿದಳು. ದೌಲತರಾಯ ಹಲ್ಲು ಕಡಿದ.

"ಇದನ್ನ ಮೊದಲೇ ಹೇಳಬಾರದೇನು ಖಾಲಾ?"

"ನೀ ಎಲ್ಲಿ ಕೇಳ್ದಿಪಾ? ನೀವ್ ಗಂಡಸ್ರು ವದರಾಕತ್ತಿದ್ರಿ, ಮುಗೀಲಿ ಅಂತ ನಿಂತಿದ್ದೆ."

ಅಂಜಮ್ಮ ಗೌರಾಬಾಯಿಯ ಬಾಯಿಗೆ ಹತ್ತಿದ ಕೆಸರನ್ನೇ ನೋಡುತ್ತಿದ್ದಳು. ಆಮೇಲೆ ಬದುವಿನ ಮೇಲೆ ತಾನೇ ಎಸೆದಿದ್ದ ಕಡಬುಗಳನ್ನು ಉಡಿಯಲ್ಲಿ ತುಂಬಿಕೊಂಡು ಬಂದು, ಒಂದೊಂದನ್ನೂ ಕಣ್ಣಿಗೆ ಒತ್ತಿಕೊಂಡು ಮತ್ತೆ ಗದ್ದೆಗೆ ಬಿಟ್ಟಳು. ಕೂಗು ಮಾತ್ರ ಅವಳ ಬಾಯಿಗೆ ಬರಲಿಲ್ಲ. ಗೌರಾಬಾಯಿ ಹೇಳಿಕೊಟ್ಟಳು. ಇಬ್ಬರೂ ಕೆಸರಿನಲ್ಲಿ ನಿಂತು "ಚೆಲ್ಲಂಬರಿಗ್ಯೋ" ಎಂದು ಕೂಗಿ ನಗತೊಡಗಿದರು.

ಇದಾದ ಮೇಲೆ ಉಳಿದವರು ರಾಜಿಯಾದ ವೇಗ ನೋಡಿ ದೌಲತರಾಯನಿಗೆ ಇನ್ನಷ್ಟು ಸಿಟ್ಟು ಬಂತು. ಕ್ಯಾಂಪಿನಿಂದ ಗೋಂಗೂರದ ಜಾಡಿಯೇ ಬಂತು, ಪುಳಿಹೋರದ ಬೋಗುಣಿ ಬಂತು. ಓಡಿಹೋದ ಹೆಂಗಸರೆಲ್ಲ ಬಂದು ಭಜ್ಜಿಗೆ ಕೈ ಹಾಕಿದರು. ಕೋಟಯ್ಯ ಸಜ್ಜೆರೊಟ್ಟಿ ಮುರಿಯಲು ಬಾರದೆ ಹಪ್ಪಳದಂತೆ ಕಚ್ಚುತ್ತ, "ಬಾಗುಂದಿ, ಬಾಗುಂದಿ" ಎಂದು ಹೊಗಳುತ್ತಿದ್ದ. ಕೀಲಿ ಅವನ ಜೇಬಿನಲ್ಲಿತ್ತು. ದೌಲತರಾಯನತ್ತ ತಿರುಗಿ, "ನಾಳೆ ಬೇಗ ಬಾ, ಆ ಕಡೆ ಮಡಿ ಹೊಡೀಬೇಕು" ಎಂದ. ಮಾಟಗಾರ ಎಂದದ್ದು, ಅನ್ನದ ಹಂಗು ಎತ್ತಿ ಆಡಿದ್ದು, ಯಾವುದೂ ನಡೆದೇ ಇಲ್ಲವೆಂಬಂತೆ. ತಪ್ಪಾಯಿತೆಂಬ ಮಾತು ಅವನ ಬಾಯಿಂದ ಬರಲಿಲ್ಲ, ಯಾರೂ ಅದನ್ನು ಕೇಳಲೂ ಇಲ್ಲ.

ಅವ್ವ ತನ್ನ ಹೊಲದಲ್ಲಿ, ಕೆಸರು ಸೀರೆಯಲ್ಲಿ ಕಾಲು ಚಾಚಿ ಕುಳಿತು ಉಣ್ಣುತ್ತಿದ್ದಳು. ಅದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು? ಅಷ್ಟು ಸಾಕೆಂದು ಅವನು ರೊಟ್ಟಿ ಮುರಿದ.

ಆಗ ಏರಿ ಇಳಿದು ಬಂದ ಮಲ್ಲಣ್ಣ ಪಕ್ಕದಲ್ಲಿ ಕುಳಿತ. ಗೋಂಗೂರಕ್ಕೆ ಬೆರಳದ್ದಿ ಚೀಪಿದ. ಮತ್ತೆ ಅದ್ದಿದ.

"ನಮ್ಮ ಪುಂಡಿಪಲ್ಲೆನೇ ಇದು. ಎಣ್ಣಿಯಾಗ ಈಸಾಕ ಬಿಟ್ಟಾರ. ಭಾಳ ಛಲೋ ಅದ ಬಿಡಪಾ." ಎಣ್ಣೆ ಹತ್ತಿದ ಕೈಯನ್ನು ಅಳಿಯನ ಹೆಗಲ ಮೇಲಿಟ್ಟು ದನಿ ಇಳಿಸಿದ. "ದೌಲ್ಯಾ, ನಿಮ್ಮ ಸಾವ್ಕಾರಗ ಒಂದು ಮಾತು ಹಾಕಪಾ. ನನ್ನ ಹೊಲಾನೂ ಕಾಲುವಿ ಕೆಳಗೇ ಅದ. ಲೀಜಿಗಿ ತಗೋತಾನೇನು, ಕೇಳಿ ನೋಡು. ನೀ ಹೇಳಿದ್ರ ಆಗ್ತದ."

ದೌಲತರಾಯ ಮಾವನ ಮುಖ ನೋಡಿದ. ಕೈಯಲ್ಲಿದ್ದ ರೊಟ್ಟಿಯನ್ನು ಬುಟ್ಟಿಗೆ ಇಟ್ಟ. ಮಾವನ ಕೈಯನ್ನು ಹೆಗಲಿನಿಂದ ಎತ್ತಿ ಅವನ ತೊಡೆಯ ಮೇಲೆಯೇ ಇಟ್ಟು ಎದ್ದ.

"ಏನಲೇ, ಕೇಳ್ತಿಯೋ ಇಲ್ಲೋ?"

ಕಾಲುವೆಯಲ್ಲಿ ಕೈ ತೊಳೆದು, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಅವನು ಟ್ರ್ಯಾಕ್ಟರನ್ನು ದಾಟಿ, ಮಲ್ಲಣ್ಣನ ಹೊಲದ ಬದುವನ್ನೇರಿದ. ಅಲ್ಲಿ ಜೋಳ ಹೊಡೆ ತುಂಬಿ ನಿಂತಿತ್ತು; ಲೀಜಿಗೆ ಹೋದರೆ ಬರುವ ವರ್ಷ ಇಲ್ಲೂ ನೀರು. ಮೂಲೆಯಲ್ಲಿ ಬನ್ನಿ ಗಿಡ, ಅದರ ಬುಡದಲ್ಲಿ ಬೆಳಿಗ್ಗೆ ಸುಣ್ಣ ಬಳಿದ ಐದು ಕಲ್ಲು ಇನ್ನೂ ಬೆಳ್ಳಗಿದ್ದವು.

"ಏ ದೌಲ್ಯಾ! ಕಿವಿ ಕೇಳಸವಲ್ದೇನಲೇ? ಮಾವ ಮಾತಾಡಾಕತ್ತಾನ!"

ದೌಲತರಾಯ ಗಿಡದ ನೆರಳು ದಾಟಿ, ಹಿಂದೆ ತಿರುಗದೆ, ಊರಿನ ದಾರಿ ಹಿಡಿದ.