ನಲವತ್ತು ಹೆಜ್ಜೆ

ನಿಂಬರ್ಗಾದ ಜಗದೇವಪ್ಪನವರ ಪಡಸಾಲೆಯಲ್ಲಿ ಮೂವತ್ತು ವರ್ಷಗಳಿಂದ ಸೋಮವಾರದ ವಚನ ತಪ್ಪಿರಲಿಲ್ಲ. ಅವರು ಹೇಳುವರು, ಓಣಿಯ ಮಂದಿ ಕೇಳುವರು, ಹೆಂಡತಿ ಸುಭದ್ರಾಬಾಯಿ ಎಲ್ಲರಿಗೂ ಚಹಾ ಕೊಡುವರು. ಈ ಸೋಮವಾರ ತೀರಿಕೊಂಡ ಸುಭದ್ರಾಬಾಯಿಯನ್ನೇ ತೊಗರಿ ಹೊಲದ ಸಮಾಧಿ ಕುಣಿಯಲ್ಲಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವು.

ಮಗಳು ಭುವನೇಶ್ವರಿ ಬಂದಿದ್ದಳು. ಆದರೆ ನಲವತ್ತು ಹೆಜ್ಜೆ ಆಚೆ, ಬದುವಿನ ಮೇಲೆ ನಿಂತಿದ್ದಳು. ಎಂಟು ವರ್ಷದ ಹಿಂದೆ ಬೇರೆ ಜಾತಿಯ ಮಾಸ್ತರನನ್ನು ಮದುವೆಯಾಗಿ ಜೇವರ್ಗಿಗೆ ಹೋದವಳು ಅವಳು.

"ಕಾಕಾ, ನಾವೇನು ಹಳೇ ಕಾಲದ ಮಂದಿ ಏನ್ರಿ?" ಎಂದ ಜಗದೇವಪ್ಪನವರ ಅಣ್ಣನ ಮಗ ಅಮರನಾಥ. "ಆಕಿಗೂ ಸ್ವಾತಂತ್ರ್ಯ ಅದ. ವಿಡಿಯೋ ಕಾಲ್ ಹಚ್ಚೀವಿ, ಅಲ್ಲಿಂದೇ ನೋಡ್ಲಿ. ಪರದೇಶದಾಗ ಇದ್ದವ್ರೂ ಹಿಂಗೇ ನೋಡ್ತಾರ."

ಹೊಲದ ಕೂಲಿಯ ಬಾಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆಕಿ ಪರದೇಶದಾಗ ಎಲ್ಲದಾಳ್ರಿ ಸಾವ್ಕಾರ್ರ? ಒದರಿದ್ರ ಓ ಅಂತಾಳ."

"ನೀ ಸುಮ್ಕಿರು ಬೇ." ಅಮರನಾಥ ದನಿ ತಗ್ಗಿಸಿದ. "ಕಾಕಾ, ನಿಮ್ಮ ಮೊಮ್ಮಗಳು, ನನ್ನ ಮಗಳು ವಿಜಯಶ್ರೀದು ನೆಂಟಸ್ತನ ಕೂಡ್ಯಾದ. ಬೀಗರು ಇಲ್ಲೇ ನಿಂತಾರ. ಈಕಿನ್ನ ಕರದ್ರ ಹೊಂಟೇ ಹೋಗ್ತಾರ ನೋಡ್ರಿ."

ಜಗದೇವಪ್ಪ ತಲೆ ತಗ್ಗಿಸಿದರು. ಮಗ ಗುರುಶಾಂತ ತಾಯಿಯ ಮುಖಕ್ಕೆ ಫೋನು ಹಿಡಿದ.

"ಅಕ್ಕಾ, ಕಾಣ್ತದ?"

"ಬಿಸಿಲು ಬಿದ್ದದೋ ತಮ್ಮಾ, ಅವ್ವನ ಮಾರಿ ಕಾಣವಲ್ದು. ಒಂದೀಟು ನೆರಳು ಮಾಡು."

ಅವನು ಅಂಗೈ ಅಡ್ಡ ಹಿಡಿದ.

ಕುಣಿಗೆ ಮಣ್ಣು ಎಳೆಯತೊಡಗಿದರು. ಜಗದೇವಪ್ಪ ಕುಲದ ಹೆಚ್ಚು ಕಡಿಮೆ ಇಲ್ಲವೆನ್ನುವ ವಚನ ಎತ್ತಿಕೊಂಡರು. ಅರ್ಧಕ್ಕೆ ಸಾಲು ತಪ್ಪಿತು. ಮುಂದಿನ ಸಾಲು ಬದುವಿನ ಕಡೆಯಿಂದ ಬಂತು. ಮರುಕ್ಷಣ ಅದೇ ಸಾಲು ಫೋನಿನಿಂದಲೂ ಬಂತು. ತೊಡೆಯ ಮೇಲೆ ಕೂರಿಸಿಕೊಂಡು ಅವರೇ ಕಲಿಸಿದ್ದ ರಾಗ.

"ಸ್ವರ ಭಾಳ ಚಂದ ಅದ," ಬೀಗರು ತಲೆದೂಗಿದರು. "ಯಾರ್ರಿ ಅವ್ರು?"

"ದೂರದವ್ರು…" ಎಂದು ಅಮರನಾಥ ಶುರು ಮಾಡಿದ.

"ನನ್ನ ಮಗಳ್ರಿ," ಎಂದರು ಜಗದೇವಪ್ಪ.

ಜಾತಿ ಬಿಟ್ಟು ಮದುವೆಯಾದ ಮಗಳ ಸುದ್ದಿ ಕೇಳಿದ್ದ ಬೀಗರಿಗೆ ಎಲ್ಲ ತಿಳಿಯಿತು. ಮುಖ ಮುಖ ನೋಡಿಕೊಂಡು ತಮ್ಮ ಗಾಡಿಯ ಕಡೆ ನಡೆದರು. ಜಗದೇವಪ್ಪ ಅತ್ತ ತಿರುಗಲಿಲ್ಲ. ಬರಿಗಾಲಲ್ಲಿ ತೊಗರಿ ಕೂಳೆ ತುಳಿಯುತ್ತ ಬದುವಿಗೆ ಹೋಗಿ ಮಗಳ ಕೈ ಹಿಡಿದರು.

ಮಣ್ಣು ಎಳೆಯುವವರಿಗೆ ನಿಲ್ಲಿಸಿರೆಂದು ಯಾರೂ ಹೇಳಿರಲಿಲ್ಲ. ಇಬ್ಬರೂ ಬಂದಾಗ ಮುಖ ಮುಚ್ಚಿತ್ತು.

"ಅವ್ವನ ಮಾರಿ ಮುಚ್ಯಾರಲ್ಲಪ್ಪಾ," ಎಂದಳು ಭುವನೇಶ್ವರಿ.

ಜಗದೇವಪ್ಪ ಮೊಣಕಾಲೂರಿ ಬರಿಗೈಯಿಂದ ಮಣ್ಣು ಸರಿಸತೊಡಗಿದರು.

"ಕಾಕಾ, ಹಾಕಿದ ಮಣ್ಣು ತೆಗೀಬಾರದ್ರಿ! ಪದ್ಧತಿ ಅಲ್ಲ!"

ಅವರು ಇನ್ನೊಂದು ಬೊಗಸೆ ಮಣ್ಣು ತೆಗೆದರು. ಬಾಳಮ್ಮ ಪಕ್ಕದಲ್ಲಿ ಕೂತು ತಾನೂ ಕೈ ಹಾಕಿದಳು. ಮೊದಲು ಹಣೆಯ ವಿಭೂತಿ ಕಂಡಿತು, ಆಮೇಲೆ ಮುಚ್ಚಿದ ಕಣ್ಣುಗಳು.

"ಬಾರವ್ವ," ಎಂದು ಜಗದೇವಪ್ಪ ಪಕ್ಕಕ್ಕೆ ಸರಿದು ಜಾಗ ಮಾಡಿದರು.