ತಿಂಗಳಿಗೆ ಎರಡು ಸುತ್ತು

“ಇನ್ನೊಂದು ಚೂರು ನೂಕು, ಗೋಡೆಗೆ ತಾಗಲಿ,” ಎಂದ ವೆಲ್ಡರ್. ಟೈಲರ್ ಉಸಿರು ಬಿಗಿಹಿಡಿದು ನೂಕಿದ. ಕಬ್ಬಿಣದ ಸ್ಟ್ಯಾಂಡಿನ ಮೇಲೆ ಪ್ಲಾಸ್ಟಿಕ್ ಹೊದ್ದು ಕೂತಿದ್ದ ಎಂಜಿನ್ನು ಕಿರಗುಟ್ಟುತ್ತ ಮೂಲೆ ಸೇರಿತು. ತೆರವಾದ ಜಾಗದಲ್ಲಿ ಬೆಂಚು ಹಾಕಿ ಟೈಲರನ ಅಣ್ಣನ ಶವವನ್ನು ಮಲಗಿಸಿದರು.

ಮನೆಯ ಬಾಗಿಲು ಕಿರಿದು, ನೋಡಲು ಬರುವವರು ಹೆಚ್ಚು. ಗ್ಯಾರೇಜಿನಲ್ಲೇ ಇಡೋಣ ಎಂದು ಅತ್ತಿಗೆಯೇ ಹೇಳಿದ್ದರು. ಮೂವತ್ತು ವರ್ಷ ಗಾಡಿಗಳ ಅಡಿಗೆ ಮಲಗಿದ್ದ ಮೇಸ್ತ್ರಿ ಇವತ್ತು ಬೆಂಚಿನ ಮೇಲೆ ಮಲಗಿದ್ದ, ಅದೂ ಇಸ್ತ್ರಿ ಅಂಗಿ ತೊಟ್ಟು.

“ಫೋನಿನಲ್ಲೇ ಸದ್ದು ಕೇಳಿ ನನ್ನ ಲಾರಿ ಕಾಯಿಲೆ ಹೇಳಿಬಿಡ್ತಿದ್ದ,” ಎಂದ ಲಾರಿಯವನು.

“ಬೈತಿದ್ದ ಕೂಡ,” ಎಂದ ವೆಲ್ಡರ್.

“ಬೈಗುಳಕ್ಕೇ ಅರ್ಧ ಸರಿಹೋಗ್ತಿತ್ತು ಬಿಡು.”

ನಾಲ್ಕು ಜನ ಮೆಲ್ಲಗೆ ನಕ್ಕರು. ಟೈಲರಿಗೆ ನಗು ಬರಲಿಲ್ಲ. ಅವನ ಕಣ್ಣು ಮೂಲೆಯ ಪ್ಲಾಸ್ಟಿಕ್ಕಿನ ಮೇಲೇ ಇತ್ತು.

ಅತ್ತಿಗೆ ತಲೆಯೆತ್ತಿದರು. “ಇವತ್ತು ಒಂದನೇ ತಾರೀಖು ಅಲ್ವೇನಪ್ಪಾ? ಎಂಜಿನ್ ತಿರುಗಿಸೋ ದಿನ. ಅವರನ್ನ ಕರ್ಕೊಂಡು ಹೋಗೋ ಗಾಡಿ ಬರೋಕೆ ಇನ್ನೂ ಒಂದು ಗಂಟೆ ಇದೆ. ಅವರ ಎದುರಿಗೇ ತಿರುಗಿಸಿಬಿಡು. ಇದ್ದಿದ್ರೆ ಬೆಳಿಗ್ಗೆಯಿಂದ ನಾಲ್ಕು ಸಲ ಕೇಳಿರ್ತಿದ್ರು.”

“ಸೋಮವಾರ ನಮ್ಮ ವ್ಯಾನ್ ಬಾಡಿ ಬರುತ್ತೆ, ಪೇಂಟ್ ಮುಗೀತಂತೆ,” ಎಂದಳು ಅಣ್ಣನ ಮಗಳು. “ಎಂಜಿನ್ ಕೂರಿಸಿದ್ರೆ ಶಾಲೆ ಮಕ್ಕಳ ಟ್ರಿಪ್ ಶುರುಮಾಡಬಹುದು, ಚಿಕ್ಕಪ್ಪ. ಇನ್ನು ಮನೆ ನಡೀಬೇಕಲ್ಲ.”

ಟೈಲರ್ ಪ್ಲಾಸ್ಟಿಕ್ಕಿನ ತುದಿ ಎಳೆದು ಎಂಜಿನ್ನನ್ನು ಇನ್ನಷ್ಟು ಮುಚ್ಚಿದ.

*

ಹನ್ನೊಂದು ತಿಂಗಳ ಹಿಂದೆ ಅಣ್ಣ ಆ ಎಂಜಿನ್ ಬಿಚ್ಚಿ, ಹೊಸ ಪಿಸ್ಟನ್ ಹಾಕಿ ಕಟ್ಟಿದ್ದ. ಅದೇ ಅವನ ಕೊನೆಯ ಕೆಲಸವಾಯಿತು. ವ್ಯಾನಿನ ಬಾಡಿ ತುಕ್ಕು ಕೆರೆಸಿಕೊಳ್ಳಲು ಹೋಯಿತು, ಅಣ್ಣ ಹಾಸಿಗೆ ಹಿಡಿದ. ಮಗಳು ಆಗ ಬೇರೆ ಊರಿನ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದಳು. ಎದುರುಗಡೆ ಅಂಗಡಿಯಲ್ಲಿ ಹೊಲಿಯುತ್ತಿದ್ದವನು ತಮ್ಮನೊಬ್ಬನೇ.

“ಕಟ್ಟಿದ ಎಂಜಿನ್ ಸುಮ್ಮನೆ ಕೂತ್ರೆ ಒಳಗೇ ಹಿಡ್ಕೊಳ್ಳುತ್ತೆ ಕಣೋ,” ಎಂದಿದ್ದ ಅಣ್ಣ. “ಒಂದನೇ ತಾರೀಖು ನಾಲ್ಕೂ ಪ್ಲಗ್ ಬಿಚ್ಚು. ತೂತಿಗೆ ಎರಡೆರಡು ಚಮಚ ಎಣ್ಣೆ ಬಿಡು. ಈ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎರಡು ಸುತ್ತು ತಿರುಗಿಸಿ, ಒಂಚೂರು ಮುಂದೆ ನಿಲ್ಲಿಸು. ಈ ಚಕ್ರ, ಪುಲ್ಲಿ, ಇದರ ಮೇಲೆ ಸೀಮೆಸುಣ್ಣದ ಗೆರೆ ಹಾಕಿದೀನಿ, ಅದು ಪ್ರತಿ ತಿಂಗಳು ಬೇರೆ ಕಡೆ ಇರಬೇಕು. ಫೋಟೋ ಕಳಿಸು. ಪ್ಲಗ್ ಬಿಗಿಯೋದು ಮರೀಬೇಡ, ಒಳಗೆ ತೇವ ಹೋದ್ರೆ ಕೆಟ್ಟಿತು.”

ಮೂರು ತಿಂಗಳು ತಮ್ಮ ಚಾಚೂ ತಪ್ಪದೆ ಮಾಡಿದ. ನಾಲ್ಕನೆಯ ತಿಂಗಳು, ಪ್ಲಗ್ ಬಿಗಿಯುತ್ತಿರುವಾಗಲೇ ಗಿರಾಕಿ ಬಂದು ಕೂಗಿದ. ಓಡಿಹೋಗಿ ಮುಟ್ಟಿದ ಬಿಳಿ ಅಂಗಿಗೆ ಐದೂ ಬೆರಳಿನ ಎಣ್ಣೆ ಮೆತ್ತಿತು. ಗಿರಾಕಿ ಬೀದಿಯಲ್ಲಿ ನಿಂತು ಮಾನ ಹರಾಜು ಹಾಕಿದ. ಈ ಎಣ್ಣೆ ಸಹವಾಸವೇ ಸಾಕಪ್ಪಾ ಎನಿಸಿತು ಟೈಲರಿಗೆ. ಮುಂದಿನ ತಿಂಗಳು ಅವನು ಸ್ಪ್ಯಾನರ್ ಮುಟ್ಟಲಿಲ್ಲ. ಪುಲ್ಲಿಯ ಗೆರೆಯನ್ನು ಒರೆಸಿ, ಬಟ್ಟೆಗೆ ಗುರುತು ಹಾಕುವ ತನ್ನ ಸೀಮೆಸುಣ್ಣದಿಂದ ಬೇರೆ ಕಡೆ ಒಂದು ಗೆರೆ ಎಳೆದ, ಫೋಟೋ ಕಳಿಸಿದ. ಅರ್ಧ ನಿಮಿಷದ ಕೆಲಸ. ಆಮೇಲೆ ಅದೇ ರೂಢಿಯಾಯಿತು.

ಹೋದ ವಾರ ಅಣ್ಣ ಕೇಳಿದ್ದ, “ಹೇಗೆ ತಿರುಗುತ್ತೋ?”

“ಬೆಣ್ಣೆ ಥರ, ಅಣ್ಣಾ.”

*

ವೆಲ್ಡರ್ ಪ್ಲಾಸ್ಟಿಕ್ ಸರಿಸಿ ಪ್ಲಗ್ ಬಿಚ್ಚತೊಡಗಿದ. ಮೂರು ಪ್ಲಗ್‌ಗಳು ಸ್ಪ್ಯಾನರಿಗೆ ಚೀರುತ್ತ ಬಂದವು. ಎರಡನೆಯದು ಮಾತ್ರ ಬೆರಳಿಗೇ ಬಂತು. ಅದರ ತುದಿಯಲ್ಲಿ ಕೆಂಪು ತುಕ್ಕು. ವೆಲ್ಡರ್ ಒಮ್ಮೆ ಟೈಲರನ ಮುಖ ನೋಡಿದ, ಪ್ಲಗ್ಗನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ.

ಟೈಲರ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಳೆದ. ಮೈಯ ಭಾರವನ್ನೆಲ್ಲ ಬಿಟ್ಟು ಎಳೆದ. ಸ್ಟ್ಯಾಂಡೇ ಅವನ ಕಡೆ ಸರಿಯಿತು, ಪುಲ್ಲಿ ಅಲುಗಲಿಲ್ಲ.

“ಹೊಸ ಕೆಲಸ ಅಲ್ವಾ, ಬಿಗಿ ಇರುತ್ತೆ,” ಎಂದ ವೆಲ್ಡರ್, ಅತ್ತಿಗೆಗೆ ಕೇಳುವಂತೆ. “ಸೋಮವಾರ ಸ್ಟಾರ್ಟರ್ ಕೊಟ್ರೆ ಬಿಡುತ್ತೆ.”

ಬಿಡುವುದಿಲ್ಲ, ಒಳಗೆ ಮುರಿಯುತ್ತದೆ. ಅಷ್ಟು ಟೈಲರಿಗೂ ಗೊತ್ತಿತ್ತು. ಆದರೂ ಹೋದ ಜೀವ ಬಂದಂತಾಯಿತು. ಒಂದು ಹೂಂ ಅಂದರೆ ಮುಗಿಯಿತು.

“ಕೊನೇಲಿ ಅವನ ಕೈ ನಡುಗ್ತಿತ್ತು, ಪಾಪ,” ಎಂದ ಲಾರಿಯವನು ಪಕ್ಕದವನ ಕಿವಿಯಲ್ಲಿ. “ಕಟ್ಟೋವಾಗ್ಲೇ ಏನೋ ಎಡವಟ್ಟಾಗಿದೆ.”

ಪಿಸುಮಾತು ಬೆಂಚಿನವರೆಗೂ ಕೇಳಿಸಿತು. ಕೇಳಿಸಿಕೊಂಡು ತಿರುಗಿ ಬೈಯಬೇಕಾದವನು ಕಣ್ಣು ಮುಚ್ಚಿ ಮಲಗಿದ್ದ.

“ಅಣ್ಣನ ತಪ್ಪಲ್ಲ,” ಎಂದ ಟೈಲರ್. “ನಾನು ತಿರುಗಿಸಿಲ್ಲ ಅತ್ತಿಗೆ. ಏಳು ತಿಂಗಳಾಯ್ತು. ಗೆರೆ ಒರೆಸಿ ಬೇರೆ ಕಡೆ ಹಾಕ್ತಿದ್ದೆ, ಅಷ್ಟೇ. ಆ ಪ್ಲಗ್ ಬಿಗೀದೆ ಬಿಟ್ಟವನೂ ನಾನೇ.”

ಅತ್ತಿಗೆ ಬೈದಿದ್ದರೆ ಅವನು ಅಲ್ಲೇ ಕುಸಿದು ಅತ್ತು ಹಗುರಾಗುತ್ತಿದ್ದನೇನೋ. ಅವರು ಬೈಯಲಿಲ್ಲ.

“ಹೋದ ವಾರ ಬೆಣ್ಣೆ ಥರ ಅಂದ್ಯಲ್ಲ,” ಎಂದರು. “ಅವತ್ತು ಅವರು ಎರಡು ತುತ್ತು ಜಾಸ್ತಿ ಉಂಡ್ರು. ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು, ನನ್ನ ತಮ್ಮ ನನಗಿಂತ ಚೆನ್ನಾಗಿ ನೋಡ್ಕೋತಾನೆ ಅಂತ.”

ಟೈಲರ್ ತಲೆ ತಗ್ಗಿಸಿದ. ಸ್ಪ್ಯಾನರ್ ಇನ್ನೂ ಕೈಯಲ್ಲೇ ಇತ್ತು, ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಮಗಳು ಎದ್ದು ಬಂದು ಅದನ್ನು ತೆಗೆದುಕೊಂಡಳು. ಎಣ್ಣೆ ಡಬ್ಬಿ ತಂದು ನಾಲ್ಕೂ ತೂತಿಗೆ ನಿಧಾನವಾಗಿ ಸುರಿದಳು. “ಯಾರೂ ಎಳೀಬೇಡಿ. ವಾರ ನೆನೀಲಿ. ಎಣ್ಣೆ ಸಂದಿಗೆ ಇಳಿದ್ರೆ ಬಿಟ್ರೂ ಬಿಡಬಹುದು, ಬಿಡದೇನೂ ಇರಬಹುದು,” ಎಂದಳು. ಚಿಕ್ಕಪ್ಪ ಎಂದು ಕರೆಯಲಿಲ್ಲ.

ಹೊರಗೆ ಗಾಡಿ ಬಂದು ನಿಂತಿತು. ಅಣ್ಣನ ತಲೆಯ ಕಡೆ ಹೆಗಲು ಕೊಡಲು ತಮ್ಮನನ್ನು ಕರೆದರು. ಭಾರ ಹೊತ್ತು ಬಾಗಿಲು ದಾಟುವಾಗ ಅವನು ಮೂಲೆಯ ಕಡೆ ನೋಡಿದ. ಮಗಳು ಬಗ್ಗಿ, ಎರಡನೆಯ ತೂತಿಗೆ ಟಾರ್ಚ್ ಹಿಡಿದಿದ್ದಳು. ಎಣ್ಣೆ ಸುರಿದಷ್ಟೂ ಹಾಗೇ ನಿಂತಿತ್ತು, ಒಂದು ಕೂದಲೆಳೆಯಷ್ಟೂ ಇಳಿದಿರಲಿಲ್ಲ.